ಪಿಯುಸಿಯಲ್ಲೇ ಬಿಟ್ಟುಬಂದ ಪಾಠಗಳು



ಬೆಂಗಳೂರಿನ ದೊಡ್ಡನೆಕ್ಕುಂದಿಯಲ್ಲಿ ರಾತ್ರಿ ಪಾಳಿಗೆ ಹೊರಡುವವರು ಎರಡು ಬಗೆ. ಕೊರಳಿಗೆ ಕಂಪನಿಯ ಐಡಿ ಕಾರ್ಡ್ ಹಾಕಿಕೊಂಡು ಕ್ಯಾಬಿಗೆ ಕಾಯುವವರು ಒಂದು ಬಗೆ. ಊಟದ ಡಬ್ಬಿ ಹಿಡಿದು ಔಟರ್ ರಿಂಗ್ ರೋಡಿನ ಕಡೆಗೆ ಬಿರಬಿರನೆ ನಡೆಯುವ ಸ್ಟಾಫ್ ನರ್ಸುಗಳು ಇನ್ನೊಂದು ಬಗೆ. ಮೊದಲನೆಯವರ ಬಗ್ಗೆ ಪತ್ರಿಕೆಗಳು ಬೇಕಾದಷ್ಟು ಬರೆದಿವೆ. ಎರಡನೆಯವರೂ ಅದೇ ಬೀದಿಯ ಪಿಜಿಗಳಲ್ಲಿ ಇರುತ್ತಾರೆ, ಅದೇ ನೀರಿನ ಟ್ಯಾಂಕರಿಗೆ ಕಾಯುತ್ತಾರೆ. ಆದರೆ ಅವರಿಗೆ ಮುಂದೇನು ಓದುವ ಆಸೆಯಿದೆ ಎಂದು ಕೇಳುವವರು ಕಡಿಮೆ.

ನಾನು ನರ್ಸಿಂಗ್ ವಿದ್ಯಾರ್ಥಿಗಳಿಗೆ ಪಾಠ ಹೇಳಿ ನಿವೃತ್ತಳಾದವಳು. ಅದು ಗೊತ್ತಾದ ಮೇಲೆ ಈ ಹುಡುಗಿಯರಲ್ಲಿ ಕೆಲವರು, ಒಮ್ಮೊಮ್ಮೆ ಹುಡುಗರೂ, ವಿಳಾಸ ಹುಡುಕಿಕೊಂಡು ಬರುತ್ತಾರೆ. ಈಚೆಗೆ ಹೆಚ್ಚಾಗಿ ಕೇಳಿಬರುವ ಪ್ರಶ್ನೆ ಇದು: “ಮೇಡಂ, ಅಮೆರಿಕದಲ್ಲಿ ನರ್ಸೇ ಅನಸ್ತೇಶಿಯಾ ಕೊಡ್ತಾರಂತೆ. ನಾನೂ ಆ ಕೋರ್ಸಿಗೆ ಹೋಗ್ಬೇಕು. ಅಪ್ಲಿಕೇಶನ್ ಹಾಕೋಕೆ ಮುಂಚೆ ಏನೇನು ಓದ್ಕೊಂಡಿದ್ರೆ ಒಳ್ಳೇದು?” ಕೇಳುವಾಗ ಕೈಯಲ್ಲಿ ಯಾವುದೋ ಕೋಚಿಂಗ್ ಸೆಂಟರಿನ ಕರಪತ್ರ ಇರುತ್ತದೆ. ಅದರಲ್ಲಿ ಹತ್ತಾರು ಕೋರ್ಸುಗಳ ಹೆಸರು, ಅಡಿಯಲ್ಲಿ ಕಂತಿನ ವಿವರ.

ಕರಪತ್ರವನ್ನು ಬದಿಗಿಡಿಸಿ ನಾನು ಕೇಳುವ ಮೊದಲ ಮಾತು: ಆ ಕೆಲಸವನ್ನು ಯಾವ ದೇಶದಲ್ಲಿ ಮಾಡಬೇಕು ಅಂತಿದ್ದೀಯಮ್ಮ? ಇದು ತೀರ್ಮಾನವಾಗದೆ ಕೋರ್ಸಿನ ಮಾತು ಎತ್ತುವುದರಲ್ಲಿ ಅರ್ಥವಿಲ್ಲ. ಯಾಕೆಂದರೆ ನಮ್ಮ ದೇಶದಲ್ಲಿ ಆ ಹುದ್ದೆಯೇ ಇಲ್ಲ.

ಭಾರತದಲ್ಲಿ ಅರಿವಳಿಕೆ ಕೊಡುವ ಹೊಣೆ ವೈದ್ಯರದು. ಹಿಂದೆ ಮಿಷನ್ ಆಸ್ಪತ್ರೆಗಳಲ್ಲಿ ಡಾಕ್ಟರ ಕಣ್ಣೆದುರು ನರ್ಸುಗಳೇ ಈಥರ್ ಹನಿಸಿದ್ದುಂಟು, ಆದರೆ ಅದು ಒಂದು ವೃತ್ತಿಯಾಗಿ, ಲೈಸೆನ್ಸ್ ಇರುವ ಹುದ್ದೆಯಾಗಿ ಇಲ್ಲಿ ಬೆಳೆಯಲಿಲ್ಲ. ತಾಲ್ಲೂಕು ಆಸ್ಪತ್ರೆಗಳಲ್ಲಿ ಅರಿವಳಿಕೆ ತಜ್ಞರಿಲ್ಲದೆ ಸಿಸೇರಿಯನ್ ಆಗದೆ ತಾಯಂದಿರು ಸಾಯುತ್ತಿದ್ದಾಗಲೂ ಸರ್ಕಾರ ಹಿಡಿದ ದಾರಿ ಎಂಬಿಬಿಎಸ್ ಓದಿದ ಡಾಕ್ಟರಿಗೆ 18 ವಾರಗಳ ಅರಿವಳಿಕೆ ತರಬೇತಿ ಕೊಡುವುದು. ನರ್ಸಿಗೆ ಆ ತರಬೇತಿ ಕೊಡುವ ಯೋಚನೆ ಮುಂದಕ್ಕೆ ಬರಲಿಲ್ಲ. ಅದು ಸರಿಯೋ ತಪ್ಪೋ ಎನ್ನುವುದು ಬೇರೆ ಚರ್ಚೆ. ನನ್ನ ಅಭಿಪ್ರಾಯ ಕೇಳಿದರೆ, ಐಸಿಯುವಿನಲ್ಲಿ ಹತ್ತು ವರ್ಷ ವೆಂಟಿಲೇಟರ್ ನೋಡಿಕೊಂಡ ನರ್ಸನ್ನು ಆ ಲೆಕ್ಕಕ್ಕೇ ತೆಗೆದುಕೊಳ್ಳದಿದ್ದದ್ದು ನಷ್ಟವೇ. ಆದರೆ ಇಪ್ಪತ್ತಮೂರರ ಹುಡುಗಿಗೆ ನನ್ನ ಅಭಿಪ್ರಾಯದಿಂದ ಕೆಲಸ ಸಿಗುವುದಿಲ್ಲ.

ಇಲ್ಲಿ ಒಂದು ಗೊಂದಲ ಇದೆ. ಅದನ್ನು ಬಿಡಿಸದೆ ಮುಂದೆ ಹೋಗಬಾರದು. ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯದ ಅಡಿಯಲ್ಲಿ ಬಿ.ಎಸ್ಸಿ. ಅನಸ್ತೇಶಿಯಾ ಮತ್ತು ಆಪರೇಶನ್ ಥಿಯೇಟರ್ ಟೆಕ್ನಾಲಜಿ ಎಂಬ ಪದವಿ ಇದೆ. ಪಿಯುಸಿಯಲ್ಲಿ ವಿಜ್ಞಾನ ಓದಿದವರು ಸೇರಬಹುದು, ಮೂರು ವರ್ಷ ಓದು, ಒಂದು ವರ್ಷ ಇಂಟರ್ನ್‌ಶಿಪ್. ಅರಿವಳಿಕೆ ಕೊಡುವ ಬಾಯ್ಲ್ಸ್ ಮಷೀನ್ ಸಿದ್ಧಮಾಡುವುದು, ಔಷಧಿ ತುಂಬಿಡುವುದು, ತಜ್ಞರ ಪಕ್ಕ ನಿಂತು ಕೊಳವೆ ಹಾಕಲು ನೆರವಾಗುವುದು, ಇವೆಲ್ಲ ಆ ಓದಿನ ಕೆಲಸ. ಒಳ್ಳೆಯ ಕೋರ್ಸೇ. 2021ರಲ್ಲಿ ಬಂದ ರಾಷ್ಟ್ರೀಯ ಅಲೈಡ್ ಮತ್ತು ಹೆಲ್ತ್‌ಕೇರ್ ವೃತ್ತಿಗಳ ಆಯೋಗದ ಕಾಯ್ದೆಯು ಅನಸ್ತೇಶಿಯಾ ಟೆಕ್ನಾಲಜಿಸ್ಟರನ್ನು ತನ್ನ ಪಟ್ಟಿಯಲ್ಲಿ ಹೆಸರಿಸಿದೆ. ಆದರೆ ಈ ಪದವಿ ಪಡೆದವರು ನರ್ಸ್ ಅಲ್ಲ. ಅಮೆರಿಕದ ನರ್ಸ್ ಅನಸ್ತೆಟಿಸ್ಟ್ ಶಾಲೆ ಮೊದಲು ಕೇಳುವುದೇ ನರ್ಸಿನ ಲೈಸೆನ್ಸ್. “ಅನಸ್ತೇಶಿಯಾನೇ ಓದಿದ್ದೇನಲ್ಲ, ಅದು ಹತ್ತಿರದ ದಾರಿ ಅಲ್ವಾ” ಎಂದುಕೊಂಡು ಮಗಳನ್ನು ಈ ಪದವಿಗೆ ಸೇರಿಸಿದ ತಂದೆತಾಯಿ ಇದ್ದಾರೆ. ಹೆಸರು ಹತ್ತಿರ, ದಾರಿ ಬೇರೆ. ಅಮೆರಿಕವೇ ಗುರಿಯಾದರೆ ಬಿ.ಎಸ್ಸಿ. ನರ್ಸಿಂಗ್ ಓದಲೇಬೇಕು. ಜಿಎನ್ಎಂ ಡಿಪ್ಲೊಮಾ ಮಾತ್ರ ಆಗಿದ್ದರೆ ಎರಡು ವರ್ಷದ ಪೋಸ್ಟ್ ಬೇಸಿಕ್ ಬಿ.ಎಸ್ಸಿ. ಮುಗಿಸಿಕೊಳ್ಳಬೇಕು.

ಇಲ್ಲೇ ಇದ್ದು ಮೇಲಕ್ಕೇರಬೇಕು ಎನ್ನುವವರಿಗೆ ಹತ್ತಿರದ ದಾರಿ ಭಾರತೀಯ ನರ್ಸಿಂಗ್ ಪರಿಷತ್ತು ರೂಪಿಸಿದ ನರ್ಸ್ ಪ್ರಾಕ್ಟಿಷನರ್ ಇನ್ ಕ್ರಿಟಿಕಲ್ ಕೇರ್ ಎಂಬ ಎರಡು ವರ್ಷದ ರೆಸಿಡೆನ್ಸಿ. ಬಿ.ಎಸ್ಸಿ. ನರ್ಸಿಂಗ್ ಆಗಿ ಕನಿಷ್ಠ ಒಂದು ವರ್ಷ ವಾರ್ಡಿನಲ್ಲಿ, ಸಾಧ್ಯವಾದರೆ ಐಸಿಯುವಿನಲ್ಲಿ, ಕೆಲಸ ಮಾಡಿರಬೇಕು. ಅದರ ಮೊದಲ ವರ್ಷದಲ್ಲಿ ರೋಗಶರೀರಕ್ರಿಯೆ, ಔಷಧಶಾಸ್ತ್ರ, ರೋಗಿಯ ದೇಹಪರೀಕ್ಷೆ, ಈ ಮೂರನ್ನೂ ಮುಂದುವರಿದ ಮಟ್ಟದಲ್ಲಿ ಕಲಿಸುತ್ತಾರೆ. ಕುತೂಹಲದ ಸಂಗತಿ ಎಂದರೆ ಅಮೆರಿಕದ ಶಾಲೆಗಳ ಬೆನ್ನೆಲುಬೂ ಇವೇ ಮೂರು ವಿಷಯ. ಹಾಗಾಗಿ ದಾರಿ ಯಾವುದಾದರೂ ಈ ಮೂರಕ್ಕೆ ತಯಾರಾದದ್ದು ವ್ಯರ್ಥವಾಗುವುದಿಲ್ಲ.

ಇನ್ನು ಅಮೆರಿಕಕ್ಕೆ ಬರೋಣ.

ಅಲ್ಲಿ ನರ್ಸುಗಳು ಅರಿವಳಿಕೆ ಕೊಡುವುದು ನಿನ್ನೆ ಮೊನ್ನೆಯ ಕಥೆಯಲ್ಲ. ಈಥರಿನ ಮೊದಲ ಸಾರ್ವಜನಿಕ ಪ್ರದರ್ಶನ ಬಾಸ್ಟನ್ನಿನಲ್ಲಿ ನಡೆದದ್ದು 1846ರ ಅಕ್ಟೋಬರ್ 16ರಂದು. ಮೂವತ್ತೊಂದು ವರ್ಷ ಕಳೆದು, 1877ರಲ್ಲಿ, ಪೆನ್ಸಿಲ್ವೇನಿಯಾದ ಈರಿ ಎಂಬ ಊರಿನ ಸೇಂಟ್ ವಿನ್ಸೆಂಟ್ ಆಸ್ಪತ್ರೆಯಲ್ಲಿ ಸಿಸ್ಟರ್ ಮೇರಿ ಬರ್ನಾರ್ಡ್ ಎಂಬ ಕ್ರೈಸ್ತ ಸನ್ಯಾಸಿನಿ ಈ ಕೆಲಸಕ್ಕೆ ನಿಂತರು. ನಮ್ಮಲ್ಲಿ ನರ್ಸುಗಳನ್ನು ಇಂದಿಗೂ ಸಿಸ್ಟರ್ ಎನ್ನುತ್ತೇವಲ್ಲ, ಇವರು ಎರಡೂ ಅರ್ಥದಲ್ಲಿ ಸಿಸ್ಟರ್. ಆಗಿನ ಶಸ್ತ್ರವೈದ್ಯರಿಗೆ ಅರಿವಳಿಕೆ ಕೊಡುವುದೆಂದರೆ ಕಿರಿಯ ಡಾಕ್ಟರರ ತಲೆಗೆ ಕಟ್ಟುವ ಬೇಸರದ ಕೆಲಸ. ಆ ಕಿರಿಯರ ಕಣ್ಣು ರೋಗಿಯ ಉಸಿರಿನ ಮೇಲಿರುತ್ತಿರಲಿಲ್ಲ, ಆಪರೇಶನ್ನಿನ ಮೇಲಿರುತ್ತಿತ್ತು. ನರ್ಸು ರೋಗಿಯನ್ನೇ ನೋಡುತ್ತಾಳೆ ಎನ್ನುವುದು ಗೊತ್ತಾದ ಮೇಲೆ ಒಂದೊಂದೇ ಆಸ್ಪತ್ರೆ ಅವರನ್ನು ಕರೆದುಕೊಂಡಿತು. ಮೇಯೋ ಸಹೋದರರ ಆಸ್ಪತ್ರೆಯಲ್ಲಿದ್ದ ಆಲಿಸ್ ಮಗಾ ಎಂಬ ನರ್ಸ್ 1906ರಲ್ಲಿ ತಾನು ಕೊಟ್ಟ 14,000ಕ್ಕೂ ಹೆಚ್ಚು ಅರಿವಳಿಕೆಗಳ ವರದಿ ಪ್ರಕಟಿಸಿದರು. ಅರಿವಳಿಕೆಯ ಕಾರಣದಿಂದ ಒಂದೂ ಸಾವು ಇಲ್ಲ! ಡಾಕ್ಟರರ ಸಂಘಗಳು ಸುಮ್ಮನಿರಲಿಲ್ಲ, ವಿಷಯ ಕೋರ್ಟಿಗೆ ಹೋಯಿತು. 1917ರಲ್ಲಿ ಕೆಂಟಕಿಯಲ್ಲಿ, 1936ರಲ್ಲಿ ಕ್ಯಾಲಿಫೋರ್ನಿಯಾದ ಸುಪ್ರೀಂ ಕೋರ್ಟಿನಲ್ಲಿ, ಎರಡು ಕಡೆಯೂ ನರ್ಸುಗಳ ಪರ ತೀರ್ಪಾಯಿತು. ನಡುವೆ 1931ರಲ್ಲಿ ಅಗಾಥಾ ಹಾಜಿನ್ಸ್ ಅವರ ಮುಂದಾಳತ್ವದಲ್ಲಿ ಅರಿವಳಿಕೆ ನರ್ಸುಗಳದೇ ಸಂಘ ಹುಟ್ಟಿತು.

ಇಷ್ಟು ಹಳೆಯ ವೃತ್ತಿಯಾದ್ದರಿಂದ ಅದರ ಬಾಗಿಲೂ ಗಟ್ಟಿ. ಹಿಂದೆ ಮಾಸ್ಟರ್ ಪದವಿ ಸಾಕಿತ್ತು. 2022ರ ಜನವರಿಯಿಂದ ಸೇರುವವರೆಲ್ಲ ಡಾಕ್ಟರೇಟ್ ಮಟ್ಟದ ಕೋರ್ಸಿಗೇ ಸೇರಬೇಕು. ಕನಿಷ್ಠ ಮೂರು ವರ್ಷ. ಆ ಅವಧಿಯಲ್ಲಿ ವಿದ್ಯಾರ್ಥಿ ಕಡಿಮೆಯೆಂದರೆ 600 ಕೇಸುಗಳಲ್ಲಿ ಕೈಯಾಡಿಸಬೇಕು, 2,000 ಗಂಟೆ ಕ್ಲಿನಿಕಲ್ ಅನುಭವ ಪಡೆಯಬೇಕು. ಜೊತೆಗೆ ಬೇರೆ ಕೆಲಸ ಮಾಡಿಕೊಂಡು ಓದುತ್ತೇನೆ ಎನ್ನುವುದು ಆಗದ ಮಾತು. ಫೀಸು ಒಂದು ಲಕ್ಷ ಡಾಲರನ್ನು ದಾಟುವುದು ಸಾಮಾನ್ಯ.

ಸೇರುವ ಮೊದಲು ಕನಿಷ್ಠ ಒಂದು ವರ್ಷ ಐಸಿಯುವಿನಲ್ಲಿ ಪೂರ್ಣಾವಧಿ ನರ್ಸಾಗಿ ದುಡಿದಿರಬೇಕು. ಈ ಮಾತು ಕೇಳಿದ ಕೂಡಲೇ ಹುಡುಗಿಯರ ಮುಖ ಅರಳುತ್ತದೆ. “ನಂದು ಮೂರು ವರ್ಷ ಆಗಿದೆ ಮೇಡಂ, ಕಾರ್ಡಿಯಾಕ್ ಐಸಿಯು.” ಆದರೆ ಆ ಶಾಲೆಗಳಿಗೆ ಮಾನ್ಯತೆ ಕೊಡುವ ಮಂಡಳಿಯ ನಿಯಮವನ್ನು ಕೊನೆಯವರೆಗೂ ಓದಬೇಕು. ಆ ಒಂದು ವರ್ಷ ಅಮೆರಿಕದ ನೆಲದಲ್ಲಿ, ಅದರ ಅಧೀನ ಪ್ರದೇಶಗಳಲ್ಲಿ, ಇಲ್ಲವೇ ಹೊರದೇಶದಲ್ಲಿರುವ ಅಮೆರಿಕದ ಸೇನಾ ಆಸ್ಪತ್ರೆಯಲ್ಲಿ ಕಳೆದದ್ದಾಗಿರಬೇಕು. ವೈಟ್‌ಫೀಲ್ಡಿನ ಐಸಿಯುವಿನ ಮೂರು ವರ್ಷ ಅವಳ ಕೈಗೆ ಬಲ ಕೊಡುತ್ತದೆ, ಅಲ್ಲಿ ಕೆಲಸ ಹಿಡಿಯಲು ನೆರವಾಗುತ್ತದೆ. ಅರ್ಜಿಯ ಆ ಕಾಲಮ್ಮನ್ನು ಮಾತ್ರ ತುಂಬುವುದಿಲ್ಲ. ಆಪರೇಶನ್ ಥಿಯೇಟರಿನ ಅನುಭವದ ಕಥೆ ಇನ್ನೂ ವಿಚಿತ್ರ. ಅರಿವಳಿಕೆ ಕೊಡುವುದು ಥಿಯೇಟರಿನಲ್ಲೇ ಆದರೂ ಶಾಲೆಗಳು ಕೇಳುವುದು ಥಿಯೇಟರನ್ನಲ್ಲ, ಐಸಿಯುವನ್ನು: ವೆಂಟಿಲೇಟರ್, ರಕ್ತನಾಳದೊಳಗಿಂದ ಅಳೆಯುವ ಬಿ.ಪಿ., ಕ್ಷಣಕ್ಷಣಕ್ಕೂ ಹೆಚ್ಚುಕಡಿಮೆ ಮಾಡಬೇಕಾದ ಡ್ರಿಪ್ಪುಗಳು, ಇವುಗಳ ನಡುವೆ ಸ್ವಂತ ತೀರ್ಮಾನ ತೆಗೆದುಕೊಂಡ ಅಭ್ಯಾಸ.

ಹಾಗಾದರೆ ಕ್ರಮ ಏನಾಯಿತು? ಇಲ್ಲಿನ ಪದವಿ, ಕರ್ನಾಟಕ ರಾಜ್ಯ ನರ್ಸಿಂಗ್ ಪರಿಷತ್ತಿನ ನೋಂದಣಿ, ಅಮೆರಿಕದ ನರ್ಸಿಂಗ್ ಲೈಸೆನ್ಸಿಗಾಗಿ ಬರೆಯುವ ಎನ್‌ಕ್ಲೆಕ್ಸ್ ಪರೀಕ್ಷೆ, ಅಲ್ಲಿಯ ಲೈಸೆನ್ಸ್, ವೀಸಾ, ಅಲ್ಲಿಯ ಐಸಿಯು, ಆಮೇಲೆ ಅರ್ಜಿ. ಎನ್‌ಕ್ಲೆಕ್ಸ್ ಬರೆಯಲು ವಿಮಾನ ಹತ್ತಬೇಕಿಲ್ಲ, ಬೆಂಗಳೂರಿನಲ್ಲೇ ಕೇಂದ್ರವಿದೆ. ಬಿಗಿಯಾದ ಗಂಟು ವೀಸಾದ್ದು. ನರ್ಸುಗಳು ಹೋಗುವ ಗ್ರೀನ್ ಕಾರ್ಡ್ ವಿಭಾಗದಲ್ಲಿ ಭಾರತೀಯರ ಸರದಿ ಹತ್ತು ವರ್ಷಕ್ಕೂ ಮೀರಿ ಹಿಂದುಳಿದಿದೆ. ಕರಪತ್ರಗಳು ಈ ಸಾಲಿನ ಬಗ್ಗೆ ಒಂದಕ್ಷರ ಹೇಳುವುದಿಲ್ಲ.

ಈ ಸಾಲು ಗೊತ್ತಿದ್ದರೆ ಕೆಲವು ಕೋರ್ಸುಗಳನ್ನು ಪಟ್ಟಿಯಿಂದ ಈಗಲೇ ಹೊಡೆದುಹಾಕಬಹುದು. ಕರಪತ್ರದಲ್ಲಿ ದಪ್ಪಕ್ಷರದಲ್ಲಿರುವ ಎಸಿಎಲ್ಎಸ್ ಸರ್ಟಿಫಿಕೇಟನ್ನೇ ನೋಡಿ. ಹೃದಯ ನಿಂತಾಗ ಏನು ಮಾಡಬೇಕೆಂದು ಕಲಿಸುವ ಅದು ಇಲ್ಲಿಯ ಐಸಿಯು ಕೆಲಸಕ್ಕೆ ಬೇಕೇ ಬೇಕು, ಆದರೆ ಅದರ ಆಯುಸ್ಸು ಎರಡು ವರ್ಷ. ಅಮೆರಿಕದ ಅರ್ಜಿಗೆಂದು ಇಂದು ಮಾಡಿಸಿಕೊಂಡದ್ದು ಅರ್ಜಿ ಹಾಕುವ ಹೊತ್ತಿಗೆ ಕಾಗದ. ಸಿಸಿಆರ್‌ಎನ್ ಎಂಬ ತೀವ್ರನಿಗಾ ಪರೀಕ್ಷೆಯನ್ನು ಬರೆಯಲು ಅಲ್ಲಿಯ ಲೈಸೆನ್ಸೇ ಬೇಕು, ಹಾಗಾಗಿ ಅದಕ್ಕೆ ಇಲ್ಲಿ ಕೋಚಿಂಗ್ ಹಣ ಕಟ್ಟುವುದು ಮದುವೆ ಗೊತ್ತಾಗುವ ಮೊದಲೇ ತೊಟ್ಟಿಲು ಕೊಂಡಂತೆ.

ಹಾಗಾದರೆ ಈಗಿನಿಂದಲೇ ಓದಬೇಕಾದದ್ದು ಏನು? ನನ್ನ ಉತ್ತರ ಬಹಳ ಜನರಿಗೆ ಹಿಡಿಸುವುದಿಲ್ಲ. ಸೆಕೆಂಡ್ ಪಿಯುಸಿ ಮುಗಿದ ದಿನ “ಪೀಡೆ ತೊಲಗಿತು” ಅಂತ ಕೈಬಿಟ್ಟ ರಸಾಯನಶಾಸ್ತ್ರ ಮತ್ತು ಭೌತಶಾಸ್ತ್ರ. ಮೂರನೆಯದು ಸಂಖ್ಯಾಶಾಸ್ತ್ರ.

ನಮ್ಮ ಬಿ.ಎಸ್ಸಿ. ನರ್ಸಿಂಗಿನ ಪಠ್ಯಕ್ರಮ ತೆಗೆದು ನೋಡಿ. 2021ರಲ್ಲಿ ಸೆಮಿಸ್ಟರ್ ಪದ್ಧತಿ ಬಂದ ಮೇಲೂ ಅಂಗರಚನೆ, ಶರೀರಕ್ರಿಯೆ, ಸೂಕ್ಷ್ಮಜೀವಿಶಾಸ್ತ್ರ, ಔಷಧಶಾಸ್ತ್ರ, ಮನಃಶಾಸ್ತ್ರ, ಸಮಾಜಶಾಸ್ತ್ರ ಎಲ್ಲ ಇವೆ. ಜೀವರಸಾಯನ ಒಂದು ಸೆಮಿಸ್ಟರಿನಲ್ಲಿ ಬಂದುಹೋಗುತ್ತದೆ. ಸಂಶೋಧನೆಯ ಪಾಠದ ಬಾಲವಾಗಿ ಒಂದಿಷ್ಟು ಸಂಖ್ಯಾಶಾಸ್ತ್ರ. ಭೌತಶಾಸ್ತ್ರ, ಸಾವಯವ ರಸಾಯನ, ಎರಡೂ ಪಿಯುಸಿಯ ಗೇಟಿನಲ್ಲೇ ನಿಂತುಬಿಟ್ಟಿವೆ. ಅಮೆರಿಕದ ಶಾಲೆಗಳು ಕೇಳುವ ಪೂರ್ವ ಕೋರ್ಸುಗಳ ಪಟ್ಟಿ ನೋಡಿದರೆ ಒಂದು ಶಾಲೆ ಸಾವಯವ ರಸಾಯನ ಎನ್ನುತ್ತದೆ, ಇನ್ನೊಂದು ಜೀವರಸಾಯನವಾದರೂ ಸರಿ ಎನ್ನುತ್ತದೆ, ಮತ್ತೊಂದು ಭೌತಶಾಸ್ತ್ರ ಕೇಳುತ್ತದೆ, ಸಂಖ್ಯಾಶಾಸ್ತ್ರವನ್ನು ಬಹುಪಾಲು ಎಲ್ಲವೂ ಕೇಳುತ್ತವೆ. ನಮ್ಮ ಪಠ್ಯಕ್ರಮ ಎಲ್ಲಿ ತೆಳುವೋ ಅವರ ಪಟ್ಟಿ ಅಲ್ಲೇ ದಪ್ಪ.

ಅದು ಹಟಕ್ಕಲ್ಲ. ಯಾಕೆ ಎನ್ನುವುದಕ್ಕೆ ಎರಡು ಮೂರು ಉದಾಹರಣೆ ಹೇಳುತ್ತೇನೆ.

ಕೀವಾದ ಹಲ್ಲನ್ನು ಕೀಳಿಸಿಕೊಳ್ಳಲು ಹೋದವರಿಗೆ ಇದು ಗೊತ್ತು: ಇಂಜೆಕ್ಷನ್ ಕೊಟ್ಟರೂ ನೋವು ಸರಿಯಾಗಿ ಹೋಗುವುದಿಲ್ಲ. ಡಾಕ್ಟರು ಸರಿಯಾಗಿ ಚುಚ್ಚಲಿಲ್ಲ ಅಂತ ಬೈದುಕೊಂಡು ಬರುತ್ತೇವೆ. ಒಂದು ಮುಖ್ಯ ಕಾರಣ ರಸಾಯನದಲ್ಲಿದೆ. ಲಿಡೊಕೇನ್ ಎಂಬ ಆ ಮದ್ದು ದೇಹದೊಳಗೆ ಎರಡು ರೂಪದಲ್ಲಿರುತ್ತದೆ, ವಿದ್ಯುದಂಶ ಹೊತ್ತದ್ದು ಮತ್ತು ಹೊರದ್ದು. ನರದ ಪೊರೆಯನ್ನು ದಾಟಿ ಒಳಗೆ ಹೋಗಬಲ್ಲದ್ದು ಹೊರದ ರೂಪ ಮಾತ್ರ. ಆರೋಗ್ಯವಾದ ಅಂಗಾಂಶದ ಪಿಎಚ್ 7.4. ಲಿಡೊಕೇನಿನ ಪಿಕೆಎ, ಅಂದರೆ ಎರಡು ರೂಪಗಳೂ ಸಮಪಾಲಾಗಿರುವ ಪಿಎಚ್, ಸುಮಾರು 7.9. ಲೆಕ್ಕ ಹಾಕಿದರೆ ನೂರರಲ್ಲಿ ಸುಮಾರು 24 ಪಾಲು ಒಳಹೋಗುವ ರೂಪದಲ್ಲಿದೆ. ಕೀವಾದ ಜಾಗ ಆಮ್ಲೀಯ. ಅಲ್ಲಿ ಪಿಎಚ್ 6.9ಕ್ಕೆ ಇಳಿದಿದೆ ಎಂದಿಟ್ಟುಕೊಳ್ಳಿ, ಒಳಹೋಗುವ ಪಾಲು 9ಕ್ಕೆ ಬೀಳುತ್ತದೆ. ಅರ್ಧ ಅಂಕದ ವ್ಯತ್ಯಾಸಕ್ಕೆ ಮದ್ದಿನ ಬಲ ಅರ್ಧಕ್ಕಿಂತ ಕೆಳಗೆ. ಈ ಲೆಕ್ಕಕ್ಕೆ ಬೇಕಾದ ಸೂತ್ರ ಪಿಯುಸಿಯವರು ಬಫರ್ ದ್ರಾವಣ ಅಂತ ಬಾಯಿಪಾಠ ಮಾಡುವ ಅದೇ ಸೂತ್ರ. ಅದನ್ನು ಪರೀಕ್ಷೆಗಾಗಿ ಉರುಹೊಡೆದು ಮರೆತವಳು ಈಗ ರೋಗಿಗಾಗಿ ಮತ್ತೆ ಕಲಿಯಬೇಕು.

ಭೌತಶಾಸ್ತ್ರ ಇನ್ನೂ ನೇರವಾಗಿ ಮೈಮೇಲೆ ಬರುತ್ತದೆ. ಆಕ್ಸಿಜನ್ ಸಿಲಿಂಡರಿನ ಮೀಟರ್ ಅರ್ಧಕ್ಕೆ ಇಳಿದಿದ್ದರೆ ಒಳಗೆ ಅರ್ಧ ಅನಿಲ ಉಳಿದಿದೆ ಎಂದರ್ಥ. ಬಾಯ್ಲ್ ನಿಯಮ. ಪಕ್ಕದಲ್ಲಿರುವ ನೀಲಿ ಸಿಲಿಂಡರು ನೈಟ್ರಸ್ ಆಕ್ಸೈಡಿನದು. ಅದರ ಮೀಟರ್ ಮುಕ್ಕಾಲು ಭಾಗ ಖಾಲಿಯಾಗುವ ತನಕ ಅಲ್ಲಾಡುವುದೇ ಇಲ್ಲ. ಒಳಗಿರುವುದು ದ್ರವ. ದ್ರವ ಇರುವ ತನಕ ಮೇಲಿನ ಆವಿಯ ಒತ್ತಡ ಒಂದೇ. ಅದರಲ್ಲಿ ಎಷ್ಟಿದೆ ಎಂದು ತಿಳಿಯಬೇಕಾದರೆ ತೂಕ ಹಾಕಬೇಕು. ಎರಡು ಸಿಲಿಂಡರು, ಎರಡರ ಮೇಲೂ ಒಂದೇ ಥರದ ಮೀಟರು, ಓದುವ ರೀತಿ ಬೇರೆ. ಇಲ್ಲೊಂದು ತಮಾಷೆ ಹೇಳಿಬಿಡುತ್ತೇನೆ: ನಿಯಮದ ಬಾಯ್ಲ್ 17ನೇ ಶತಮಾನದ ರಾಬರ್ಟ್ ಬಾಯ್ಲ್. ನಮ್ಮ ಥಿಯೇಟರುಗಳ ಬಾಯ್ಲ್ಸ್ ಮಷೀನ್ ಆತನದಲ್ಲ, 1917ರಲ್ಲಿ ಅದನ್ನು ರೂಪಿಸಿದ ಲಂಡನ್ನಿನ ಹೆನ್ರಿ ಎಡ್ಮಂಡ್ ಗ್ಯಾಸ್ಕಿನ್ ಬಾಯ್ಲ್ ಅವರದು. ವೈವಾದಲ್ಲಿ ಈ ಪ್ರಶ್ನೆ ಹಾಕಿದರೆ ಒಳ್ಳೊಳ್ಳೆಯವರೂ ಬೀಳುತ್ತಾರೆ.

ಡೆಸ್‌ಫ್ಲುರೇನ್ ಎಂಬ ಅರಿವಳಿಕೆಯ ದ್ರವ 23 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲೇ ಕುದಿಯುತ್ತದೆ. ಅದೂ ಸಮುದ್ರಮಟ್ಟದ ಲೆಕ್ಕ. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 920 ಮೀಟರ್ ಮೇಲಿದೆ. ಇಲ್ಲಿಯ ಗಾಳಿಯ ಒತ್ತಡ ಪಾದರಸದ 760 ಮಿಲಿಮೀಟರ್ ಅಲ್ಲ, ಸುಮಾರು 680. ಹಾಗಾಗಿ ಆ ದ್ರವ ಇಲ್ಲಿ ಇನ್ನೂ ಬೇಗ ಕುದಿಯುತ್ತದೆ. ಏಪ್ರಿಲ್ ಮಧ್ಯಾಹ್ನ ಎಸಿ ಇಲ್ಲದ ಕೋಣೆಯಲ್ಲಿ ತೆರೆದಿಟ್ಟರೆ ಒಲೆ ಇಲ್ಲದೆಯೇ ಕುದಿದು ಹಾರಿಹೋಗುವ ಪದಾರ್ಥ ಅದು. ಅದಕ್ಕೇ ಅದನ್ನು ಆವಿ ಮಾಡುವ ವೇಪರೈಸರನ್ನು ಬೇರೆ ಥರ ಮಾಡಿದ್ದಾರೆ, ಒಳಗೆ 39 ಡಿಗ್ರಿಗೆ ಕಾಯಿಸಿ, ಒತ್ತಡದಲ್ಲಿ ಹಿಡಿದು, ಅಳೆದು ಬಿಡುತ್ತದೆ. ಒತ್ತಡದ ಲೆಕ್ಕ ಇಲ್ಲಿಗೇ ಮುಗಿಯುವುದಿಲ್ಲ. ಮಂಗಳೂರಿನಲ್ಲಿ ಒಬ್ಬಾತ ಉಸಿರೆಳೆದಾಗ ಶ್ವಾಸನಾಳದಲ್ಲಿ ಆಕ್ಸಿಜನ್ನಿನ ಪಾಲಿನ ಒತ್ತಡ ಸುಮಾರು 150 ಮಿಲಿಮೀಟರ್ ಇದ್ದರೆ, ದೊಡ್ಡನೆಕ್ಕುಂದಿಯಲ್ಲಿ 133ರ ಹತ್ತಿರ. ಆರೋಗ್ಯವಂತನಿಗೆ ಅದು ಗೊತ್ತೂ ಆಗುವುದಿಲ್ಲ. ಶ್ವಾಸಕೋಶ ಕೆಟ್ಟವನಿಗೆ ಅಷ್ಟು ಅಂತರವೂ ದೊಡ್ಡದೇ. ಈ ಲೆಕ್ಕವನ್ನು ಪೆನ್ನು ಹಿಡಿದು ಮಾಡಬಲ್ಲ ನರ್ಸು ಸಂದರ್ಶನದ ಕೋಣೆಗೆ ಹೋದಾಗ ಯಾವ ಸರ್ಟಿಫಿಕೇಟಿನ ಹಂಗೂ ಬೇಕಾಗುವುದಿಲ್ಲ.

ಸಂಖ್ಯಾಶಾಸ್ತ್ರಕ್ಕೆ ಆಲಿಸ್ ಮಗಾ ಅವರನ್ನೇ ಮತ್ತೆ ಕರೆಯೋಣ. 14,000 ಕೇಸು, ಸಾವು ಸೊನ್ನೆ. ಹಾಗಾದರೆ ಅಪಾಯವೂ ಸೊನ್ನೆಯೇ? ಅಲ್ಲ. ಸೊನ್ನೆ ಬಂದಾಗ ಬಳಸುವ ಮೂರರ ನಿಯಮ ಅಂತ ಒಂದಿದೆ. ಮೂರನ್ನು ಒಟ್ಟು ಕೇಸುಗಳ ಸಂಖ್ಯೆಯಿಂದ ಭಾಗಿಸಿದರೆ ಅಪಾಯ ಹೆಚ್ಚೆಂದರೆ ಎಷ್ಟಿರಬಹುದು ಎನ್ನುವುದು ನೂರಕ್ಕೆ 95ರಷ್ಟು ಭರವಸೆಯಿಂದ ಸಿಗುತ್ತದೆ. 14,000ಕ್ಕೆ ಮೂರು, ಅಂದರೆ ಸುಮಾರು 4,700 ಜನಕ್ಕೆ ಒಬ್ಬರು. ಆ ಕಾಲಕ್ಕೆ ಅದು ಅದ್ಭುತ, ಆದರೆ ಸೊನ್ನೆಯಲ್ಲ. ಡಾಕ್ಟರೇಟ್ ಕೋರ್ಸಿನಲ್ಲಿ ದಿನವೂ ಸಂಶೋಧನಾ ಲೇಖನ ಓದಿಸುತ್ತಾರೆ. ಐವತ್ತು ರೋಗಿಗಳಲ್ಲಿ ಯಾರಿಗೂ ಏನೂ ಆಗಲಿಲ್ಲ ಎಂದು ಲೇಖನ ಹೇಳಿದರೆ ಹಿಗ್ಗಬೇಕೋ ಅನುಮಾನಿಸಬೇಕೋ ಅಂತ ಕೂಡಲೇ ತಿಳಿಯಬೇಕು. ಐವತ್ತರಲ್ಲಿ ಮೂರು ಎಂದರೆ ನೂರಕ್ಕೆ ಆರು!

ಪೂರ್ವಸಿದ್ಧತೆಗೆ ರಸಾಯನ, ಭೌತ ಓದಿ ಅನ್ನುವುದು ನನ್ನ ಹೊಸ ಕಲ್ಪನೆಯಲ್ಲ. ನಮ್ಮ ಬೀದರ್, ಕಲಬುರಗಿ, ರಾಯಚೂರು ಸೇರಿದ್ದ ಹೈದರಾಬಾದ್ ಸಂಸ್ಥಾನದಲ್ಲೇ ಇದಕ್ಕೆ ಉದಾಹರಣೆ ಇದೆ. 1888 ಮತ್ತು 1889ರಲ್ಲಿ ನಿಜಾಮರ ಹಣದಲ್ಲಿ ಅಲ್ಲಿ ಎರಡು ಕ್ಲೋರೋಫಾರ್ಮ್ ಆಯೋಗಗಳು ನಡೆದವು. ಕ್ಲೋರೋಫಾರ್ಮಿನಿಂದ ಸಾಯುವವರಲ್ಲಿ ಮೊದಲು ನಿಲ್ಲುವುದು ಹೃದಯವೋ ಉಸಿರೋ ಎನ್ನುವುದು ಪ್ರಶ್ನೆ. ಎಡ್ವರ್ಡ್ ಲಾರಿ ಎಂಬ ಬ್ರಿಟಿಷ್ ಶಸ್ತ್ರವೈದ್ಯ ಉಸಿರೇ ಎಂದು ಹಟ ಹಿಡಿದಿದ್ದರು. ಅವರ ಶಿಷ್ಯೆ ರೂಪಾಬಾಯಿ ಫರ್ದೂನ್‌ಜಿ, ಪಾರ್ಸಿ ಹೆಣ್ಣುಮಗಳು, ಹೈದರಾಬಾದ್ ಮೆಡಿಕಲ್ ಸ್ಕೂಲಿನಲ್ಲಿ ಓದಿ 1889ರಲ್ಲಿ ಹೊರಬಂದು ರೋಗಿಗಳಿಗೆ ಕ್ಲೋರೋಫಾರ್ಮ್ ಕೊಡುವುದರಲ್ಲಿ ಹೆಸರಾದರು. ಜಗತ್ತಿನ ಮೊದಲ ಮಹಿಳಾ ಅರಿವಳಿಕೆ ವೈದ್ಯೆ ಎಂದು ಅವರನ್ನು ಗುರುತಿಸುವವರಿದ್ದಾರೆ. ಇಪ್ಪತ್ತು ವರ್ಷ ಕೆಲಸ ಮಾಡಿದ ಮೇಲೆ ಅವರು 1909ರಲ್ಲಿ ಎಡಿನ್‌ಬರೋಗೆ ಹೋದರು.  ಅವರು ಅಲ್ಲಿ ಆರಿಸಿಕೊಂಡದ್ದು ಭೌತಶಾಸ್ತ್ರ ಮತ್ತು ರಸಾಯನಶಾಸ್ತ್ರ, ಅರಿವಳಿಕೆ ಕೊಡುವವರಿಗೆ ಅವು ಉಪಯೋಗಕ್ಕೆ ಬರುತ್ತವೆ ಎಂದು. ಕೈ ಪಳಗಿದ ಮೇಲೆಯೂ ಬುಡದ ಶಾಸ್ತ್ರಕ್ಕೆ ಹಿಂತಿರುಗಿದರಲ್ಲ, ನನಗೆ ಅದೇ ದೊಡ್ಡದಾಗಿ ಕಾಣುತ್ತದೆ.

ಇವನ್ನು ಎಲ್ಲಿ ಓದುವುದು? ಕಲಿಯುವುದು ಒಂದು, ಅಂಕಪಟ್ಟಿಯಲ್ಲಿ ಕಾಣಿಸುವುದು ಇನ್ನೊಂದು. ಇವೆರಡನ್ನೂ ಬೇರೆಯಾಗಿ ಇಟ್ಟುಕೊಂಡರೆ ಬಹಳ ಹಣ ಉಳಿಯುತ್ತದೆ. ಕಲಿಯುವುದಕ್ಕೆ ಖರ್ಚೇ ಇಲ್ಲ. ಐಐಟಿಗಳು ಮತ್ತು ನಮ್ಮ ಭಾರತೀಯ ವಿಜ್ಞಾನ ಸಂಸ್ಥೆ ಸೇರಿ ನಡೆಸುವ ಎನ್‌ಪಿಟಿಇಎಲ್, ಸರ್ಕಾರದ ಸ್ವಯಂ ವೇದಿಕೆ, ಇವುಗಳಲ್ಲಿ ರಸಾಯನವೂ ಇದೆ, ಜೈವಿಕ ಸಂಖ್ಯಾಶಾಸ್ತ್ರವೂ ಇದೆ. ಅದೂ ಬೇಡವೆಂದರೆ ತಮ್ಮನದೋ ತಂಗಿಯದೋ ಪಿಯುಸಿ ಪುಸ್ತಕ ಇಸಿದುಕೊಂಡು ರಾತ್ರಿ ಪಾಳಿ ಇಲ್ಲದ ದಿನ ಎರಡು ಪುಟ ಲೆಕ್ಕ ಮಾಡಿ. ಆದರೆ ಈ ಕಲಿಕೆಯನ್ನು ಅಮೆರಿಕದ ಶಾಲೆ ಕ್ರೆಡಿಟ್ಟಾಗಿ ಒಪ್ಪುತ್ತದೆ ಎಂದು ತಿಳಿಯಬೇಡಿ. ಅವರಿಗೆ ಬೇಕಾದದ್ದು ಮಾನ್ಯತೆ ಇರುವ ಕಾಲೇಜಿನ, ಗ್ರೇಡು ಬಂದಿರುವ ಕೋರ್ಸು. ಅದರಲ್ಲೂ ಅನೇಕ ಶಾಲೆಗಳು ಐದು ವರ್ಷ, ಹತ್ತು ವರ್ಷ ಎಂದು ಗಡುವು ಹಾಕಿವೆ. ವಿಜ್ಞಾನದ ಕೋರ್ಸು ಹಳತಾದರೆ ಮತ್ತೆ ಮಾಡಬೇಕು. ವೀಸಾದ ಸಾಲು ಹತ್ತು ವರ್ಷ, ಕೋರ್ಸಿನ ಆಯುಸ್ಸು ಐದು ವರ್ಷ ಎಂದಮೇಲೆ ದುಡ್ಡು ಕಟ್ಟಿ ಮಾಡುವ ಕ್ರೆಡಿಟ್ ಕೋರ್ಸನ್ನು ಈಗಲೇ ಮುಗಿಸಿಡುವುದು ಜಾಣತನವಲ್ಲ.

ಇದಕ್ಕೆ ಅಪವಾದವಾದ ಒಂದು ಗುಂಪಿದೆ, ಅವರು ನಮ್ಮ ಬಡಾವಣೆಗಳಲ್ಲೇ ಬೇಕಾದಷ್ಟು. ಹುಡುಗಿ ನರ್ಸು, ಕೈಹಿಡಿದವನು ಸಾಫ್ಟ್‌ವೇರಿನವನು. ಅವನಿಗೆ ಎಚ್-1ಬಿ ಎಂಬ ಕೆಲಸದ ವೀಸಾ, ಅವಳಿಗೆ ಅವನ ಹೆಂಡತಿಯಾಗಿ ಎಚ್-4 ವೀಸಾ. ಡಲ್ಲಾಸಿಗೋ ಸ್ಯಾನ್ ಹೋಸೆಗೋ ಹೋಗಿ ಇಳಿದ ಮೇಲೆ ಅವಳು ಕೆಲಸ ಮಾಡುವಂತಿಲ್ಲ. ಗಂಡನ ಗ್ರೀನ್ ಕಾರ್ಡ್ ಅರ್ಜಿ ಒಂದು ಹಂತ ದಾಟಿದವರಿಗೆ ಮಾತ್ರ 2015ರಿಂದ ಕೆಲಸದ ಪರವಾನಗಿ ಸಿಗುತ್ತಿದೆ. ಅಲ್ಲಿಯ ತನಕ ಅಡುಗೆ, ಮಗು, ಊರಿಗೆ ಫೋನು. ಆದರೆ ಎಚ್-4ನಲ್ಲಿ ಓದಲು ಅಡ್ಡಿಯಿಲ್ಲ. ಈ ಹೆಣ್ಣುಮಕ್ಕಳಿಗೆ ನಾನು ಹೇಳುವುದು: ಕಾಯುವ ಆ ಕಾಲವೇ ನಿಮ್ಮ ಪೂರ್ವ ಕೋರ್ಸಿನ ಕಾಲ. ಮನೆ ಹತ್ತಿರದ ಕಮ್ಯುನಿಟಿ ಕಾಲೇಜಿನಲ್ಲಿ ಒಂದು ಟರ್ಮಿಗೆ ಒಂದೇ ವಿಷಯ ಹಿಡಿಯಿರಿ. ಮೊದಲು ಸಂಖ್ಯಾಶಾಸ್ತ್ರ, ಅಲ್ಲಿಯ ತರಗತಿಯ ರೀತಿ ರೂಢಿಯಾಗಲಿ. ಆಮೇಲೆ ರಸಾಯನ, ಲ್ಯಾಬ್ ಸಹಿತ. ಎರಡು ವಿಷಯ ಒಟ್ಟಿಗೆ ಹಿಡಿದು ಎರಡರಲ್ಲೂ ಬಿ ಗ್ರೇಡು ತರುವ ಬದಲು ಒಂದರಲ್ಲಿ ಎ ತನ್ನಿ. ಆರಿಸುವವರು ವಿಜ್ಞಾನದ ಗ್ರೇಡುಗಳನ್ನು ಪ್ರತ್ಯೇಕವಾಗಿ ಕೂಡಿಸಿ ನೋಡುತ್ತಾರೆ. ಜೊತೆಜೊತೆಗೆ ಎನ್‌ಕ್ಲೆಕ್ಸ್. ಪರವಾನಗಿ ಕೈಗೆ ಬಂದ ದಿನ ಐಸಿಯುವಿಗೆ ನೇರವಾಗಿ ಅರ್ಜಿ ಹಾಕುವಂತಿರಬೇಕು.

ಹೊರಡುವ ಮೊದಲು ಇಲ್ಲೇ ಮಾಡಿಮುಗಿಸಬೇಕಾದ ಒಂದು ಕೆಲಸವಿದೆ, ಬಹಳ ಜನ ಮರೆಯುತ್ತಾರೆ. ಜಯನಗರ ನಾಲ್ಕನೇ ಟಿ ಬ್ಲಾಕಿನಲ್ಲಿರುವ ರಾಜೀವ್ ಗಾಂಧಿ ವಿಶ್ವವಿದ್ಯಾಲಯದಿಂದ ಟ್ರಾನ್ಸ್‌ಕ್ರಿಪ್ಟ್ ತೆಗೆಸಿಕೊಳ್ಳುವುದು, ಕಾಲೇಜಿನಿಂದ ವಿಷಯವಾರು ಗಂಟೆಗಳ ವಿವರ ಬರೆಸಿಕೊಳ್ಳುವುದು. ಅಮೆರಿಕದ ಮೌಲ್ಯಮಾಪನ ಸಂಸ್ಥೆ ಪ್ರತಿ ವಿಷಯವನ್ನೂ ಬಿಡಿಸಿ ನೋಡುತ್ತದೆ. ನಿಮ್ಮ ಜೀವರಸಾಯನ ಇಷ್ಟು ಕ್ರೆಡಿಟ್ಟಿಗೆ ಸಮ ಎಂದು ಅವರು ಹೇಳಿದ ಮೇಲಷ್ಟೇ ಯಾವ ಕೋರ್ಸು ಬಾಕಿ ಇದೆ ಎನ್ನುವುದು ಗೊತ್ತಾಗುತ್ತದೆ. ಈ ದಾಖಲೆಗಳನ್ನು ಅಮೆರಿಕದಲ್ಲಿ ಕೂತು ತರಿಸಿಕೊಳ್ಳುವುದು ಎಷ್ಟು ಕಷ್ಟ ಎಂದು ತರಿಸಿಕೊಂಡವರನ್ನೇ ಕೇಳಿ.

ಅಮೆರಿಕವೊಂದೇ ದಾರಿಯಲ್ಲ. ಸ್ವೀಡನ್, ನಾರ್ವೆ, ಡೆನ್ಮಾರ್ಕ್, ಫ್ರಾನ್ಸ್‌ಗಳಲ್ಲೂ ಅರಿವಳಿಕೆ ನರ್ಸುಗಳಿದ್ದಾರೆ, ಅಲ್ಲಿ ಪೂರ್ವ ಕೋರ್ಸು ಎಂದರೆ ಮೊದಲಿಗೆ ಆ ದೇಶದ ಭಾಷೆ. ಈಗ ನಮ್ಮವರು ಬಹಳ ಹೋಗುತ್ತಿರುವ ಜರ್ಮನಿಯಲ್ಲಿ ಅರಿವಳಿಕೆ ಕೊಡುವವರು ಡಾಕ್ಟರು, ನರ್ಸು ವಿಶೇಷ ತರಬೇತಿ ಪಡೆದು ಪಕ್ಕದಲ್ಲಿರುತ್ತಾರೆ. ಇಂಗ್ಲೆಂಡಿನಲ್ಲಿ ಅನಸ್ತೇಶಿಯಾ ಅಸೋಸಿಯೇಟ್ ಎಂಬ ಹುದ್ದೆಯನ್ನು 2024ರ ಡಿಸೆಂಬರಿನಿಂದ ಅಲ್ಲಿಯ ಮೆಡಿಕಲ್ ಕೌನ್ಸಿಲ್ಲೇ ನೋಂದಾಯಿಸುತ್ತಿದೆ, ಆದರೆ ಆ ಹುದ್ದೆಯ ಸುತ್ತ ಡಾಕ್ಟರರ ಜಗಳ ಇನ್ನೂ ಮುಗಿದಿಲ್ಲ.

ಇನ್ನು ಆ ಕರಪತ್ರದ ಹುಡುಗಿಯ ಪ್ರಶ್ನೆ. ಯಾವ ಕೋರ್ಸು ಮೊದಲು? ಅದಕ್ಕೆ ನಾನಾಗಲಿ ಕೋಚಿಂಗ್ ಸೆಂಟರಾಗಲಿ ಉತ್ತರ ಹೇಳುವುದಕ್ಕಿಂತ ಶಾಲೆಯೇ ಹೇಳಲಿ. ನಿಮಗೆ ಹಿಡಿಸಿದ ಮೂರು ನಾಲ್ಕು ಶಾಲೆಗಳ ಪ್ರವೇಶ ವಿಭಾಗಕ್ಕೆ ಒಂದು ಸಣ್ಣ ಇಮೇಲ್ ಬರೆಯಿರಿ. ನಾನು ಕರ್ನಾಟಕದಲ್ಲಿ ಬಿ.ಎಸ್ಸಿ. ನರ್ಸಿಂಗ್ ಮುಗಿಸಿದ್ದೇನೆ, ಇಂಥ ವರ್ಷ. ನನ್ನ ಪದವಿಯ ಜೀವರಸಾಯನ ಮತ್ತು ಸಂಖ್ಯಾಶಾಸ್ತ್ರ ನಿಮ್ಮ ಪೂರ್ವ ಕೋರ್ಸುಗಳ ಜಾಗಕ್ಕೆ ಸಲ್ಲುತ್ತವೆಯೇ? ಯಾವ ಸಂಸ್ಥೆಯ ಮೌಲ್ಯಮಾಪನ ವರದಿಯನ್ನು ಒಪ್ಪುತ್ತೀರಿ? ಆನ್‌ಲೈನ್ ಕೋರ್ಸು, ಅದರಲ್ಲೂ ಲ್ಯಾಬ್ ಇಲ್ಲದ್ದು, ನಡೆಯುತ್ತದೆಯೇ? ವಿಜ್ಞಾನದ ಕೋರ್ಸು ಎಷ್ಟು ವರ್ಷದೊಳಗಿನದಾಗಿರಬೇಕು? ನೀವು ಒಪ್ಪುವ ಐಸಿಯು ಯಾವ ಬಗೆಯದು? ಇಷ್ಟು ಕೇಳಿದರೆ ಸಾಕು, ವಿನಯದ ಪೀಠಿಕೆ ಬೇಡ, ಅವರಿಗೆ ಓದಲು ಪುರುಸೊತ್ತಿರುವುದಿಲ್ಲ. ಉತ್ತರವನ್ನು ಪ್ರಿಂಟು ತೆಗೆದು ಫೈಲಿಗೆ ಹಾಕಿ, ತಾರೀಖಿನ ಸಮೇತ, ಯಾಕೆಂದರೆ ನಿಯಮಗಳು ವರ್ಷವರ್ಷವೂ ಬದಲಾಗುತ್ತವೆ. ಕೋರ್ಸಿನ ಫೀಸು ಕಟ್ಟುವುದು ಆ ಉತ್ತರ ಬಂದ ಮೇಲೆ.